ಸೋಮವಾರದ ಎಣಿಕೆ

ಸಾರ್ ಹೋಗಿಬಿಟ್ಟರು ಅನ್ನುವ ಸುದ್ದಿ ತಿಳಿಸಿದ್ದು, ಹಿಂದೆ ನನ್ನ ಜೊತೆ ಸರ್ವೆ ಕೆಲಸ ಮಾಡುತ್ತಿದ್ದ ಗೆಳತಿ. ಫೋನಿನಲ್ಲಿ ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನನಗೆ ಅಳು ಬರಲಿಲ್ಲ. ಒಲೆಯ ಮೇಲೆ ಹಾಲಿತ್ತು. ಉಕ್ಕಿಬಿಟ್ಟೀತು ಅಂತ ಫೋನನ್ನು ಕಿವಿಗೂ ಭುಜಕ್ಕೂ ಸಿಕ್ಕಿಸಿಕೊಂಡು ಉರಿ ಸಣ್ಣ ಮಾಡಿದೆ. ಕೊನೆಯ ಎರಡು ವರ್ಷ ನಾನು ಅವರ ಫೋನ್ ಎತ್ತಿರಲಿಲ್ಲ. ಅದು ಅವಳಿಗೆ ಗೊತ್ತಿರಲಿಲ್ಲ.

"ಅವರ ನೆನಪಿಗೆ ಅಂತ ಒಂದು ಪುಸ್ತಕ ಮಾಡ್ತಿದೀವಿ ಕಣೇ. ನೀನೂ ಎರಡು ಪುಟ ಬರ್ಕೊಡು. ಅವರ ಕೈಕೆಳಗೆ ಕಲ್ತೋರಲ್ಲಿ ನೀನೇ ಮೊದಲ್ನೇವ್ಳು. ಒಳ್ಳೇದು ಬರಿ, ಆಯ್ತಾ?" ಅಂದಳು. ಆಯಿತು ಅಂದೆ.

ಒಳ್ಳೆಯದನ್ನೇ ಮೊದಲು ಬರೆಯುತ್ತೇನೆ. ಅದೇನು ಕಮ್ಮಿ ಇಲ್ಲ. ಕೊನೆಯಲ್ಲಿ ಬರುವುದನ್ನು ಪುಸ್ತಕ ಮಾಡುವವರು ಅಚ್ಚು ಹಾಕಿಸುತ್ತಾರೋ ಹರಿದು ಬಿಸಾಡುತ್ತಾರೋ ಅವರಿಗೆ ಬಿಟ್ಟದ್ದು. ಎರಡು ಪುಟದಲ್ಲಂತೂ ಇದು ಮುಗಿಯುವುದಿಲ್ಲ.

ಸಾರ್ ಸಂಚಾರ ಯೋಜನೆಯ ಎಂಜಿನಿಯರು. ರಸ್ತೆ ಹಾಕುವವರಲ್ಲ. ರಸ್ತೆ ಹಾಕುವ ಮುಂಚೆ ಅಲ್ಲಿ ಯಾರು ಓಡಾಡುತ್ತಾರೆ, ಯಾತರಲ್ಲಿ ಓಡಾಡುತ್ತಾರೆ, ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ ಅಂತ ಎಣಿಸಿ ವರದಿ ಕೊಡುವವರು. ಸರ್ಕಾರ ಇಂಥ ಕೆಲಸವನ್ನು ಕಂಪನಿಗಳಿಗೆ ವಹಿಸುತ್ತದೆ. ಅಂಥ ಒಂದು ಕಂಪನಿಯಲ್ಲಿ ಅವರು ದೊಡ್ಡ ಹುದ್ದೆಯಲ್ಲಿದ್ದರು. ಆದರೆ ನೋಡಿದವರು ಯಾರೂ ಹಾಗೆ ಅಂದುಕೊಳ್ಳುತ್ತಿರಲಿಲ್ಲ. ಪ್ಯಾಂಟನ್ನು ಎರಡು ಮಡಿಕೆ ಮೇಲಕ್ಕೆ ಮಡಚಿ, ತಲೆಗೆ ಟವೆಲ್ ಸುತ್ತಿಕೊಂಡು ರಸ್ತೆ ಬದಿಯಲ್ಲಿ ನಿಂತಿರುತ್ತಿದ್ದರು. ನಮ್ಮ ಕಡೆಯ ಜನ ಅವರಿಗೆ ಎಣಿಕೆ ಸಾಹೇಬ್ರು ಅಂತಲೇ ಹೆಸರಿಟ್ಟಿದ್ದರು.

ನಾನು ಅವರನ್ನು ಮೊದಲು ನೋಡಿದ್ದು ನಮ್ಮೂರ ಬಸ್‌ಸ್ಟಾಪಿನಲ್ಲಿ. ನಮ್ಮೂರು ದೇವನಹಳ್ಳಿ ತಾಲೂಕಿನದು. ಆಗಷ್ಟೇ ಏರ್‌ಪೋರ್ಟಿನ ಕೆಲಸ ಮುಗಿಯುತ್ತಾ ಬಂದಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಯಾರನ್ನು ಕೇಳಿದರೂ ಒಂದೋ ಜಮೀನು ಮಾರಿದವರು, ಇಲ್ಲವೇ ಮಾರಿಸುವವರು. ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಕಾಲೇಜಿಗೆ ಬಸ್ ಕಾಯುತ್ತಿದ್ದಾಗ ಪರೀಕ್ಷೆ ಬರೆಯುವ ಪ್ಯಾಡು ಹಿಡಿದುಕೊಂಡು ಹತ್ತಿರ ಬಂದರು.

"ಎಲ್ಲಿಂದ ಬರ್ತಿದೀಯಮ್ಮ, ಎಲ್ಲಿಗೆ ಹೋಗ್ತೀಯ, ಏನಕ್ಕೆ?"

"ನಿಮಗ್ಯಾಕೆ?" ಅಂದೆ. ನನ್ನ ಬಾಯಿ ಆಗಲೂ ಹೀಗೇ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಪ್ಯಾಡನ್ನು ನನ್ನ ಕಡೆ ತಿರುಗಿಸಿ ಒಂದು ಕಾಲಮ್ಮಿನ ಮೇಲೆ ಬೆರಳಿಟ್ಟರು. "ಇಲ್ನೋಡು, ಇದಕ್ಕೂ ಜಾಗ ಬಿಟ್ಟಿದೀವಿ. 'ಉತ್ತರ ಹೇಳಲು ಇಷ್ಟವಿಲ್ಲ' ಅಂತ. ಟಿಕ್ ಹಾಕ್ಬಿಡ್ಲಾ?"

ನಗು ಬಂತು. ಹಾಳೆಯ ಮೇಲೆ ಕಣ್ಣಾಡಿಸಿದೆ. ಬೆಳಗಿನಿಂದ ಅವರು ಕೇಳಿದ ಹೆಂಗಸರೆಲ್ಲರ ಮುಂದೆ ಆಸ್ಪತ್ರೆ, ಆಸ್ಪತ್ರೆ, ಆಸ್ಪತ್ರೆ ಅಂತ ಬರೆದಿತ್ತು. "ಏನ್ ಸಾರ್ ಇದು? ನಮ್ಮೂರಲ್ಲಿ ಇಷ್ಟೊಂದು ಕಾಯ್ಲೆ ಇದ್ದಿದ್ರೆ ಊರೇ ಖಾಲಿ ಆಗ್ತಿತ್ತು. ಗೊತ್ತಿಲ್ದಿರೋ ಗಂಡಸು ರಸ್ತೇಲಿ ನಿಲ್ಸಿ ಎಲ್ಲಿಗೆ ಅಂದ್ರೆ ಯಾವ ಹೆಂಗ್ಸು ನಿಜ ಹೇಳ್ತಾಳೆ? ಆಸ್ಪತ್ರೆ ಅಂದ್ರೆ ಮುಂದಕ್ಕೆ ಯಾರೂ ಕೇಳಲ್ಲ ಅಂತ ಎಲ್ರಿಗೂ ಗೊತ್ತು" ಅಂದೆ.

ಅವರು ಜೇಬಿನಿಂದ ಕೆಂಪು ಪೆನ್ನು ತೆಗೆದು, ಬೆಳಗಿನಿಂದ ಬಿಸಿಲಲ್ಲಿ ನಿಂತು ತುಂಬಿಸಿದ್ದ ಅಷ್ಟೂ ಹಾಳೆಗಳ ಮೇಲೆ ಗೀಟು ಎಳೆದರು. "ತಪ್ಪು ಎಣಿಕೆ ಇಟ್ಕೊಂಡು ಏನು ಪೂಜೆ ಮಾಡ್ತೀಯ? ನಾಳೆಯಿಂದ ನೀನೇ ಕೇಳ್ತೀಯಾ?" ಅಂದರು. ಒಂದು ದಿನದ ದುಡಿಮೆಯನ್ನು ಅಷ್ಟು ಸಲೀಸಾಗಿ ಹೊಡೆದುಹಾಕಿದ ಮನುಷ್ಯನನ್ನು ನಾನು ಅದುವರೆಗೆ ನೋಡಿರಲಿಲ್ಲ. ಆ ಗೀಟಿಗೇ ನಾನು ಸೋತುಹೋದೆ ಅಂತ ಈಗ ಅನ್ನಿಸುತ್ತದೆ.

ಹೀಗೆ ಕೆಲಸಕ್ಕೆ ಸೇರಿದೆ. ಅಪ್ಪ ಮೊದಲು ಗೊಣಗಿದ. ಹೆಣ್ಣುಮಗಳು ರಸ್ತೆ ಬದಿ ನಿಂತು ಗಾಡಿ ಎಣಿಸುವುದು ಅಂದರೇನು ಅಂತ. ಸಾರ್ ಒಂದು ದಿನ ಮನೆಗೇ ಬಂದು ಜಗಲಿಯ ಮೇಲೆ ಕೂತು ಮಾತಾಡಿದರು. ಅವರೂ ಒಕ್ಕಲುಮಕ್ಕಳೇ. ಹೊಸಕೋಟೆಯ ಕಡೆ, ಜಡಿಗೇನಹಳ್ಳಿ ಹೋಬಳಿಯವರು. ಅದು ಗೊತ್ತಾದದ್ದೇ ತಡ, ಇಬ್ಬರೂ ಎತ್ತಿನ ಮಾತಿಗೆ ಇಳಿದುಬಿಟ್ಟರು. "ನಮ್ಮಪ್ಪನ ಕಾಲದಲ್ಲಿ ಸೋಮವಾರ ಬಂತು ಅಂದ್ರೆ ಎತ್ತುಗಳ್ನ ಕೆರೆಗೆ ಹೊಡ್ಕೊಂಡೋಗಿ ಮೈ ತೊಳೆಯೋ ಕೆಲ್ಸ ನಂದೇ ಯಜಮಾನ್ರೇ. ಉಜ್ಜಿ ಉಜ್ಜಿ ನನ್ನ ಅಂಗೈ ಸುಲಿದೋಗ್ತಿತ್ತು" ಅಂತ ಸಾರ್ ಹೇಳಿದರು. ಅಪ್ಪ ಕರಗಿದ. ನಮ್ಮ ಕಡೆ ಸೋಮವಾರ ಬಸವಣ್ಣನ ವಾರ. ಅವತ್ತು ಯಾರೂ ಆರು ಕಟ್ಟಿ ಉಳುವುದಿಲ್ಲ, ಗಾಡಿ ಹೂಡುವುದಿಲ್ಲ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಹುಟ್ಟಿದಾಗಿನಿಂದ ಗೊತ್ತಿರುತ್ತದೆ.

ಅವರ ಕೈಯಲ್ಲಿ ಕೆಲಸ ಕಲಿಯುವುದು ಅಂದರೆ ಅವರ ಜೊತೆ ಕಾಫಿ ಕುಡಿಯುವುದು. ಎಲ್ಲಿ ಹೋದರೂ ಬೈ-ಟೂ. ಒಬ್ಬರೇ ಇದ್ದರೆ ಪಕ್ಕದಲ್ಲಿ ನಿಂತ ಅಪರಿಚಿತನನ್ನು ಕರೆದು, "ಬಾ ಗುರು, ಅರ್ಧರ್ಧ" ಅನ್ನುತ್ತಿದ್ದರು. ಲೋಟ ಖಾಲಿಯಾಗುವಷ್ಟರಲ್ಲಿ ಅವನು ಯಾವ ಊರಿನವನು, ಪಿಲ್ಲಗುಂಪೆಯ ಫ್ಯಾಕ್ಟರಿಗೆ ಎಷ್ಟು ಬಸ್ಸು ಬದಲಿಸಿ ಹೋಗುತ್ತಾನೆ, ಎಷ್ಟು ಹೊತ್ತು ಕಾಯುತ್ತಾನೆ ಎಲ್ಲ ಹೊರಗೆ ಬಂದಿರುತ್ತಿತ್ತು. "ಎಷ್ಟು ದೂರ ಅಂತ ಕೇಳ್ಬೇಡ. ದೂರ ನಕ್ಷೇಲೇ ಸಿಗುತ್ತೆ. ಎಷ್ಟೊತ್ತು ಕಾದೆ ಅಂತ ಕೇಳು" ಅನ್ನುತ್ತಿದ್ದರು.

ಎಣಿಸುವುದಕ್ಕೆ ಎಲ್ಲರ ಬಳಿಯೂ ಒತ್ತಿದರೆ ಟಕ್ ಅನ್ನುವ ಯಂತ್ರ ಇರುತ್ತಿತ್ತು. ಅವರು ಮಾತ್ರ ಬೆರಳಿನ ಗೆಣ್ಣಿನ ಮೇಲೆ ಹೆಬ್ಬೆರಳು ಓಡಿಸುತ್ತಿದ್ದರು, ನಮ್ಮಜ್ಜಿ ಜಪ ಮಾಡಿದ ಹಾಗೆ. ನನ್ನ ಜೊತೆ ಮಾತಾಡುತ್ತಲೇ, ನಗುತ್ತಲೇ, ಊಟ ಮಾಡುತ್ತಲೇ ಆ ಹೆಬ್ಬೆರಳು ನಡೆದಿರುತ್ತಿತ್ತು. ಒಂದು ಸಲ ಪಂದ್ಯ ಕಟ್ಟಿ ಇಬ್ಬರೂ ಒಂದೇ ರಸ್ತೆ ಎಣಿಸಿದೆವು. ನನ್ನ ಯಂತ್ರ ಸೋತಿತು.

ನಮ್ಮ ಫಾರಮಿನಲ್ಲಿ ಜನ ಯಾಕೆ ಪ್ರಯಾಣ ಮಾಡುತ್ತಾರೆ ಅನ್ನುವುದಕ್ಕೆ ಕೆಲಸ, ಶಾಲೆ, ಆಸ್ಪತ್ರೆ, ಸಂತೆ, ಇತರೆ ಅಂತ ಕಾಲಮ್ಮುಗಳಿದ್ದವು. ದೊಡ್ಡಬಳ್ಳಾಪುರದ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಅಜ್ಜಿಯನ್ನು ನಾನು ಕೇಳಿದೆ. ಅವಳು, "ಸೊಸೆ ತವರಿಗೋಗಿ ಕೂತವಳೆ. ಅವಳ ಅವ್ವನ ಮನೆ ಬಾಕ್ಲಲ್ಲೇ ನಿಂತು ಜಗಳ ಆಡಿ ಬರಾನ ಅಂತ ಹೊಂಟಿವ್ನಿ, ಬರ್ಕೋ" ಅಂದಳು. ನಾನು ನಗುತ್ತಾ 'ಇತರೆ' ಅಂತ ಹಾಕಿದೆ. ಸಾರ್ ನಗಲಿಲ್ಲ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ಜಗಳ, ಹೋಗಿ ಬರುವುದು' ಅಂತ ಬರೆಸಿದರು. "ಆ ಅಜ್ಜಿಗೆ ವಾಪಸ್ ಬರೋಕೂ ಬಸ್ ಬೇಕು. ಜಗಳ ಬೇಗ ಮುಗಿಯಲ್ಲ, ಕೊನೇ ಬಸ್ ಅಷ್ಟೊತ್ತಿಗೆ ಹೊರಟೋಗಿರುತ್ತೆ. 'ಇತರೆ' ಅನ್ನೋದ್ರೊಳಗೇ ಊರು ಇರೋದು ಕಣಮ್ಮ. ಮೇಲಿನೋರು ಅದನ್ನ ಓದೋದೇ ಇಲ್ಲ."

ಹಳೆಯ ಬೆಂಗಳೂರಿನ ಮಾತು ಬಂದರೆ ಅವರನ್ನು ಹಿಡಿಯುವವರೇ ಇರಲಿಲ್ಲ. "ನಾನು ಕೆಲಸಕ್ಕೆ ಸೇರಿದಾಗ ಒಂದೊಂದು ಸರ್ಕಲ್ಲಲ್ಲೂ ಸೈಕಲ್ ಎಣಿಸೋಕೇ ಇಬ್ರು ಬೇಕಿತ್ತು. ಕಾರು ಎಣಿಸೋನು ಮೋಟುಗೋಡೆ ಮೇಲೆ ಕೂತು ಕಡ್ಲೆಕಾಯಿ ಸುಲೀತಿದ್ದ. ಆಮೇಲೆ ಉಲ್ಟಾ ಆಯ್ತು. ಒಂದು ವರ್ಷ ನೋಡ್ತೀನಿ, ಫಾರಮಿಂದ ಸೈಕಲ್ ಕಾಲಮ್ಮೇ ಮಾಯ. ಕೇಳಿದ್ರೆ, ಈಗ ಯಾರು ಸಾರ್ ಸೈಕಲ್ ತುಳೀತಾರೆ ಅಂದ್ರು. ಎಣಿಸೋದು ಬಿಟ್ಟ ಮೇಲೆ ಅವನಿಗೆ ರಸ್ತೇಲಿ ಜಾಗ ಯಾಕೆ ಬಿಡ್ತಾರೆ? ಸೈಕಲ್‌ನೋರು ಹೋಗಿದ್ದು ಹಂಗೆ. ಮೊದ್ಲು ಕಾಗದದಿಂದ, ಆಮೇಲೆ ರಸ್ತೆಯಿಂದ."

ಮುಂದಿನ ಕಾಲದ ಬಗ್ಗೆಯೂ ಅವರಿಗೆ ಭ್ರಮೆ ಇರಲಿಲ್ಲ. ಕಂಪನಿಯಲ್ಲಿ ಬಣ್ಣಬಣ್ಣದ ಗೆರೆಗಳ ದೊಡ್ಡ ನಕ್ಷೆಯೊಂದು ಗೋಡೆಯ ತುಂಬಾ ಇತ್ತು. ವರ್ತುಲ ರಸ್ತೆ, ಮೆಟ್ರೋ, ಏರ್‌ಪೋರ್ಟಿಗೆ ರೈಲು. ನಾನು ಬೆರಗಾಗಿ ನೋಡುತ್ತಿದ್ದರೆ ಅವರು ಹಿಂದಿನಿಂದ, "ಚೆನ್ನಾಗಿದೆ ಅಲ್ವಾ? ಇವತ್ತು ಓಡಾಡ್ತಿರೋ ಗಾಡಿಗಳ್ನೇ ಹಿಡಿದು ಮುಂದಕ್ಕೆ ಎಳೆದು ಎಳೆದು ಇಪ್ಪತ್ತು ವರ್ಷ ಆಚೆಗೆ ಬಿಟ್ಟಿದೀವಿ. ಇದಕ್ಕೆ ಮುಂದಾಲೋಚನೆ ಅಂತ ಹೆಸರು" ಅಂದರು. ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. "ಹೋಗೋರ್ನ ಎಣಿಸ್ತೀವಿ. ಹೋಗ್ಬೇಕು ಅಂದ್ಕೊಂಡು, ದಾಟೋಕಾಗ್ದೆ, ಬಸ್ಸಿಲ್ದೆ ಮನೇಲೇ ಉಳಿದೋರ್ನ ಯಾರಮ್ಮ ಎಣಿಸ್ತಾರೆ?" ಆ ಮಾತನ್ನು ನಾನು ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಬರೆದಿಟ್ಟುಕೊಂಡೆ. ಅಷ್ಟು ಹುಚ್ಚು ನನಗೆ ಅವರ ಮೇಲೆ.

ಅಧಿಕಾರಿಗಳ ಮುಂದೆಯೂ ಅವರಿಗೆ ಹೆದರಿಕೆ ಇರಲಿಲ್ಲ. ಒಂದು ಸಭೆಯಲ್ಲಿ, ಹಳ್ಳಿಯವರು ಸರ್ವಿಸ್ ರಸ್ತೆಯಲ್ಲಿ ಹೋಗಿ ಮುಂದೆ ಯೂ-ಟರ್ನ್ ಮಾಡಿಕೊಂಡು ಬರಲಿ ಅಂತ ಯಾರೋ ಹೇಳಿದರು. ಸಾರ್ ಎದ್ದು ನಿಂತು, "ಬೋರ್ಡ್ ದೊಡ್ಡದಾಗಿ ಬರೆಸಿ ಸಾರ್. ಎತ್ತುಗಳಿಗೆ ಕನ್ನಡಕ ಇಲ್ಲ" ಅಂದರು. ಸಭೆಗೆ ಸಭೆಯೇ ನಕ್ಕಿತು. ನಾನು ಹಿಂದಿನ ಸಾಲಿನಲ್ಲಿ ಕೂತು ಹೆಮ್ಮೆಯಿಂದ ಬೀಗಿದೆ. ಅಯ್ಯೋ, ಎಂಥ ಹೆಮ್ಮೆ ಅದು.

ಇಷ್ಟು ಒಳ್ಳೆಯದು. ಇನ್ನು ಉಳಿದದ್ದು.

ಏರ್‌ಪೋರ್ಟ್ ಶುರುವಾಗಿ ಕೆಲವು ವರ್ಷ ಕಳೆದ ಮೇಲೆ ನಮ್ಮೂರ ರಸ್ತೆಯನ್ನು ಅಗಲ ಮಾಡುವ ಯೋಜನೆ ಬಂತು. ನಮ್ಮೂರಿನ ಮನೆಗಳೆಲ್ಲ ರಸ್ತೆಯ ಈ ಕಡೆ. ಹೊಲಗಳೆಲ್ಲ ಆ ಕಡೆ. ಮೊದಲಿಂದಲೂ ಬೆಳಗ್ಗೆ ಎತ್ತು ಹೊಡೆದುಕೊಂಡು ದಾಟುವುದು, ಸಂಜೆ ದಾಟಿ ಬರುವುದು. ಈಗ ಮಧ್ಯೆ ಎದೆಯೆತ್ತರದ ಗೋಡೆ ಬರುತ್ತದೆ, ದಾಟಬೇಕಾದರೆ ರಸ್ತೆಯ ಅಡಿಯಲ್ಲಿ ಅಂಡರ್‌ಪಾಸ್ ಬೇಕು. ಅದು ಬೇಕೋ ಬೇಡವೋ ಅನ್ನುವುದು ಎಷ್ಟು ಜನ, ಎಷ್ಟು ದನ, ಎಷ್ಟು ಗಾಡಿ ದಾಟುತ್ತವೆ ಅನ್ನುವ ಎಣಿಕೆಯ ಮೇಲೆ ನಿಂತಿತ್ತು. ಆ ಎಣಿಕೆ ನಮ್ಮ ಕಂಪನಿಗೇ ಬಂತು. ಸಾರ್ ನನ್ನನ್ನೇ ನಮ್ಮೂರಿನ ಎಣಿಕೆಗೆ ಮೇಲ್ವಿಚಾರಕಿ ಮಾಡಿದರು. ಅಪ್ಪ ಅರಳಿಕಟ್ಟೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದ, ನನ್ನ ಮಗಳೇ ಎಣಿಸೋದು, ಯೋಚನೆ ಬೇಡ ಅಂತ.

ಆಗ ಮಳೆ ಬಿದ್ದು ಹದ ಬಂದಿದ್ದ ಕಾಲ. ಎಣಿಕೆ ಒಂದೇ ದಿನದ್ದು, ಆದರೆ ಬೆಳಗಿನಿಂದ ಸಂಜೆಯವರೆಗೆ ಎಂಟ್ಹತ್ತು ಜನ ಬೇಕು. ನಮ್ಮೂರ ಗಂಡಸರೆಲ್ಲ ಉಳುಮೆಯಲ್ಲಿದ್ದರು. ಎಷ್ಟು ಗೋಗರೆದರೂ ಒಬ್ಬನೂ ಬರಲು ಒಪ್ಪಲಿಲ್ಲ. "ಸೋಮವಾರ ಆದ್ರೆ ಬತ್ತೀವಿ ಕಣಕ್ಕಾ, ಅವತ್ತು ಬಿಡುವು" ಅಂದರು. ಸಮಸ್ಯೆ ಬಗೆಹರಿಯಿತು ಅಂತ ನಾನು ಕುಣಿದುಕೊಂಡು ಸಾರ್ ಹತ್ತಿರ ಹೋದೆ.

"ಸೋಮವಾರ ಇಟ್ಕೊಳ್ಳಾಣ ಸಾರ್. ನಮ್ಮೋರೆಲ್ಲ ಖಾಲಿ ಇರ್ತಾರೆ."

ಅವರು ಬರೆಯುತ್ತಿದ್ದವರು ತಲೆ ಎತ್ತಿದರು. "ಸೋಮವಾರಾನಾ?"

"ಹೂಂ ಸಾರ್."

"ಸರಿ" ಅಂದರು. ಕ್ಯಾಲೆಂಡರಿನಲ್ಲಿ ಒಂದು ಸುತ್ತು ಹಾಕಿದರು.

ಓದುವವರಿಗೆ ಈಗ ಎಲ್ಲ ಗೊತ್ತಾಗಿರುತ್ತದೆ. ನನಗೆ ಗೊತ್ತಾಗಲಿಲ್ಲ. ದಡ್ಡಿ, ಶತದಡ್ಡಿ. ಬೇರೆ ಊರಿನವಳಾಗಿದ್ದರೆ ಸೋಮವಾರ ಯಾಕೆ ಬಿಡುವು ಅಂತ ಕೇಳುತ್ತಿದ್ದೆ. ನಾನು ಆ ಊರಿನವಳೇ. ಸೋಮವಾರ ಬಿಡುವು ಅನ್ನುವುದು ಉಸಿರಾಡಿದಷ್ಟು ಸಹಜ. ಬಿಡುವಿದ್ದವರು ರಸ್ತೆ ದಾಟುವುದಿಲ್ಲ ಅನ್ನುವುದು ತಲೆಗೆ ಹೊಳೆಯಲೇ ಇಲ್ಲ.

ಆ ಸೋಮವಾರ ನಮ್ಮೂರ ಗಂಡಸರು ರಸ್ತೆಯ ಎರಡೂ ಬದಿ ಕೊಡೆ ಬಿಚ್ಚಿಕೊಂಡು ಪ್ಯಾಡು ಹಿಡಿದು ಕೂತರು. ಎತ್ತು ಹೊಡೆದುಕೊಂಡು ದಾಟಬೇಕಾಗಿದ್ದವರೇ ಕೂತುಕೊಂಡು, ಯಾರೂ ದಾಟಲಿಲ್ಲ ಅಂತ ಬರೆದುಕೊಂಡರು. ಗಂಡಸರು ಹೊಲಕ್ಕೆ ಹೋಗಲಿಲ್ಲ, ಹಾಗಾಗಿ ಬುತ್ತಿ ಹೊತ್ತ ಹೆಂಗಸರೂ ಹೋಗಲಿಲ್ಲ. "ಎತ್ತಿನ ಗಾಡಿ ಕಾಲಮ್ಮಿಗೂ ಇವತ್ತು ರಜಾ ಕಣಕ್ಕೋ" ಅಂತ ನನ್ನ ಚಿಕ್ಕಪ್ಪನ ಮಗ ಕೂಗಿದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಧ್ಯಾಹ್ನ ಸಾರ್ ಬಂದರು. ನಮ್ಮ ಮನೆಯಲ್ಲೇ ಊಟ. ಅಮ್ಮ ಮುದ್ದೆ, ಬಸ್ಸಾರು ಮಾಡಿದ್ದಳು. ಕೈ ತೊಳೆಯುವುದಕ್ಕೆ ಹಿತ್ತಿಲಿಗೆ ಹೋದವರು ಎಷ್ಟು ಹೊತ್ತಾದರೂ ಒಳಗೆ ಬರಲಿಲ್ಲ. ನೋಡಿದರೆ ಕೊಟ್ಟಿಗೆಯಲ್ಲಿ ನಿಂತಿದ್ದರು. ನಮ್ಮ ಎತ್ತುಗಳು ಮೈ ತೊಳೆಸಿಕೊಂಡು, ಹಣೆಗೆ ಕುಂಕುಮ ಇಡಿಸಿಕೊಂಡು ಮೆಲುಕು ಹಾಕುತ್ತಿದ್ದವು. ಸಾರ್ ಒಂದರ ಕೊರಳ ಕೆಳಗೆ ಜೋಲುವ ಗಂಗೆದೊಗಲು ಸವರುತ್ತಿದ್ದರು. ಆಮೇಲೆ ಅದರ ಹಣೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಒಳಗೆ ಬಂದು ಎರಡು ಮುದ್ದೆ ಊಟ ಮಾಡಿದರು. ಸಂಜೆ ಹಾಳೆಗಳಿಗೆಲ್ಲ ನಾನು ಸಹಿ ಹಾಕಿ ಕೊಟ್ಟೆ. ಅವರು ಜೋಡಿಸಿ ಚೀಲಕ್ಕೆ ಇಟ್ಟುಕೊಂಡರು. ಕೆಂಪು ಪೆನ್ನು ಹೊರಗೆ ಬರಲಿಲ್ಲ.

ರಸ್ತೆ ಆಯಿತು. ಗೋಡೆ ಬಂತು. ಅಂಡರ್‌ಪಾಸ್ ಬರಲಿಲ್ಲ. ಕಣ್ಣೆದುರಿಗೆ ಕಾಣುವ ಹೊಲಕ್ಕೆ ಹೋಗಬೇಕಾದರೆ ಯೂ-ಟರ್ನ್ ತನಕ ಹೋಗಿ, ಲಾರಿ ಮತ್ತು ಏರ್‌ಪೋರ್ಟ್ ಟ್ಯಾಕ್ಸಿಗಳ ನಡುವೆ ಎತ್ತು ಹೊಡೆದುಕೊಂಡು ವಾಪಸ್ ಬರಬೇಕು. ಕೆಲವರು ಗೋಡೆಯ ಒಂದು ಕಡೆ ಒಡೆದು ಸಂದು ಮಾಡಿದರು. ಅದರಲ್ಲಿ ಮನುಷ್ಯರು ನುಸುಳಬಹುದು, ಎತ್ತು ನುಸುಳುವುದಿಲ್ಲ. ಒಬ್ಬೊಬ್ಬರೇ ಆ ಕಡೆಯ ಹೊಲ ಮಾರುತ್ತಾ ಬಂದರು. ಅಪ್ಪ ಮಾರಲಿಲ್ಲ. "ಅಂಡರ್‌ಪಾಸ್ ಬತ್ತದೆ. ಅರ್ಜಿ ಕೊಟ್ಟಿವ್ನಿ" ಅಂತ ಬ್ರೋಕರುಗಳನ್ನು ಬಾಗಿಲಿಂದಲೇ ವಾಪಸ್ ಕಳಿಸುತ್ತಿದ್ದ. ಆ ಹೊಲವನ್ನು ಉಳಿಸಿಕೊಳ್ಳುವುದೊಂದೇ ಅವನ ಹಟ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಊರಿನವರು ಎಣಿಕೆಯ ಹಾಳೆ ತರಿಸಿದರು. ದಿನಾಂಕ ನೋಡಿ ಹಿರಿಯರೊಬ್ಬರು ಹಳೇ ಕ್ಯಾಲೆಂಡರ್ ತೆಗೆಸಿದರು. "ಅಲ್ಲಾ, ಬಡ್ಡಿಮಕ್ಕಳು ಸೋಮವಾರ ಎಣಿಸವ್ರಲ್ಲೋ!" ಅಂದರು. ಆಗ ನನ್ನ ತಲೆಗೆ ಹೊಳೆಯಿತು. ಎಲ್ಲರೂ ಕಂಪನಿಯನ್ನು ಬೈದರು. ಅವತ್ತು ಕೂತು ಎಣಿಸಿದವರೂ, ಸೋಮವಾರ ಆದರೆ ಬರುತ್ತೇವೆ ಅಂದದ್ದನ್ನು ಮರೆತು, ಬೈದರು. ದಿನ ಸೂಚಿಸಿದವಳು ನಾನು ಅಂತ ನನ್ನ ಬಾಯಿಂದ ಬರಲಿಲ್ಲ. ಅಪ್ಪನಿಗೂ ಹೇಳಲಿಲ್ಲ.

ಇಲಾಖೆಯವರು ಒಂದು ಬಾಗಿಲು ತೆರೆದಿಟ್ಟರು. ಎಣಿಕೆಯ ದಿನ ತಪ್ಪಾಗಿತ್ತು ಅಂತ ಎಣಿಕೆ ಮಾಡಿಸಿದವರೇ ಬರೆದುಕೊಟ್ಟರೆ ಮತ್ತೊಮ್ಮೆ ಎಣಿಸುತ್ತೇವೆ ಅಂದರು. ಸಾರ್ ಅಷ್ಟರಲ್ಲಿ ನಿವೃತ್ತರಾಗಿ ಬೆಂಗಳೂರಿನ ಮನೆಯಲ್ಲಿದ್ದರು. ಆಗಾಗ ಅದೇ ಕಂಪನಿಗೆ ಸಲಹೆ ಕೊಡಲು ಹೋಗುತ್ತಿದ್ದರು. ನಾನು ಮದುವೆಯಾಗಿ, ಕೆಲಸ ಬಿಟ್ಟು ನಾಲ್ಕು ವರ್ಷವಾಗಿತ್ತು. ಹೋದೆ.

"ಸಾರ್, ಸೋಮವಾರ ಅಂದ್ರೆ ಏನು ಅಂತ ನಿಮಗೆ ಅವತ್ತು ಗೊತ್ತಿರ್ಲಿಲ್ವಾ?" ಅಂತ ನೇರ ಕೇಳಿದೆ.

ಅವರ ಹೆಬ್ಬೆರಳು ಬೆರಳ ಗೆಣ್ಣಿನ ಮೇಲೆ ಓಡಾಡಿತು. ಯಾವುದನ್ನು ಎಣಿಸುತ್ತಿದ್ದರೋ. "ಗೊತ್ತಿತ್ತಮ್ಮ" ಅಂದರು.

"ಮತ್ತೆ?"

"ಡ್ರಾಯಿಂಗು ಮೊದ್ಲೇ ಆಗಿತ್ತು. ನಿಮ್ಮೂರ ಹತ್ರ ಅಂಡರ್‌ಪಾಸ್ ಇರ್ಲಿಲ್ಲ ಅದ್ರಲ್ಲಿ. ಎಣಿಕೆ ಅದಕ್ಕೆ ತಕ್ಕಂಗೆ ಬಂದ್ರೆ ಯಾರಿಗೂ ತೊಂದ್ರೆ ಇರ್ಲಿಲ್ಲ. ನಾನು ಏನು ಮಾಡೋದು ಅಂತ ಒದ್ದಾಡ್ತಿದ್ದೆ. ನೀನಾಗೇ ಬಂದು ಸೋಮವಾರ ಅಂದೆ. ಸುಮ್ನಾಗ್ಬಿಟ್ಟೆ."

"ಒಂದು ಮಾತು ಅನ್ನಬಹುದಾಗಿತ್ತಲ್ಲ ಸಾರ್. ಅವತ್ತು ನಮ್ಮನೆ ಎತ್ತಿನ ಹಣೆ ಮುಟ್ಟಿ ಕಣ್ಣಿಗೆ ಒತ್ಕೊಂಡ್ರಿ. ಆಮೇಲೆ ನಮ್ಮನೇಲೇ ಉಂಡ್ರಿ."

ಅವರ ಕಣ್ಣಲ್ಲಿ ನೀರು ತುಂಬಿತು. ನಿಜವಾದ ನೀರು. ಅದನ್ನು ಈಗಲೂ ಸುಳ್ಳು ಅನ್ನಲಾರೆ. "ಬರ್ಕೊಡ್ತೀನಿ ತಾಯಿ. ನಿಮ್ಮೂರೋರು ಹಾಳೆ ತರಿಸಿದ್ರು ಅಂತ ಗೊತ್ತಾದಾಗಿಂದ ನಿದ್ದೆ ಇಲ್ಲ ನಂಗೆ. ಬರ್ಕೊಡ್ತೀನಿ" ಅಂದರು. ನಾನು ಅಲ್ಲೇ ಕ್ಷಮಿಸಿಬಿಟ್ಟೆ. ನನ್ನ ಎರಡನೇ ದಡ್ಡತನ ಅದು. ಕ್ಷಮಿಸಿದ ಖುಷಿಯಲ್ಲಿ ಮನಸ್ಸು ಬಿಚ್ಚಿ, "ದಿನ ಹೇಳಿದ್ದು ನಾನು ಅಂತ ಊರಲ್ಲಿ ಯಾರಿಗೂ ಹೇಳಿಲ್ಲ ಸಾರ್, ಅಪ್ಪನಿಗೂ ಹೇಳಿಲ್ಲ. ಭಯ ಆಗುತ್ತೆ" ಅಂತಲೂ ಅಂದೆ. ಅವರು ನನ್ನ ತಲೆ ಸವರಿದರು.

ವಾರ ಬಿಟ್ಟು ಕರೆದು ಅಂಟಿಸಿದ ಕವರು ಕೊಟ್ಟರು. ಅಧಿಕಾರಿಯ ಹೆಸರಿಗೇ ಬರೆದಿದ್ದರು. ಅವರ ಹೆಂಡತಿ ನನಗೆ ಅರಿಶಿನ ಕುಂಕುಮ ಕೊಟ್ಟು ಕಳಿಸಿದರು. ಒಡೆದು ಓದಬೇಕು ಅಂತ ನನಗೆ ಅನ್ನಿಸಲೇ ಇಲ್ಲ. ಗುರುವಿನ ಕಾಗದ ಅಲ್ಲವೇ.

ಅಪ್ಪ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ನನ್ನ ಜೊತೆ ಕಚೇರಿಗೆ ಬಂದ. ಅಧಿಕಾರಿ ಒಳ್ಳೆಯ ಮನುಷ್ಯ, ಕೂರಿಸಿದರು. ಅಪ್ಪನಿಗೂ ಕೇಳಲಿ ಅಂತ ಕಾಗದವನ್ನು ಜೋರಾಗಿ ಓದಿದರು.

"ಸದರಿ ಎಣಿಕೆಯ ದಿನವನ್ನು ಅದೇ ಗ್ರಾಮದವರಾದ ಮೇಲ್ವಿಚಾರಕಿಯು ಗ್ರಾಮಸ್ಥರ ಅನುಕೂಲವನ್ನು ನೋಡಿಕೊಂಡು ತಾವೇ ಸೂಚಿಸಿರುತ್ತಾರೆ. ಎಣಿಕೆಯನ್ನು ಗ್ರಾಮಸ್ಥರೇ ನಡೆಸಿರುತ್ತಾರೆ. ಎಲ್ಲ ಹಾಳೆಗಳಿಗೂ ಮೇಲ್ವಿಚಾರಕಿಯ ಸಹಿ ಇರುತ್ತದೆ. ಈ ಸಂಗತಿಗಳನ್ನು ತಮ್ಮ ಗಮನಕ್ಕೆ ತರಲಾಗಿದೆ."

ಅಷ್ಟೇ. ಹಾಳೆಯ ಹಿಂದೆ ಏನಾದರೂ ಇದೆಯೇ ಅಂತ ಅಧಿಕಾರಿ ತಿರುಗಿಸಿ ನೋಡಿದರು. ಏನೂ ಇರಲಿಲ್ಲ. "ನಿಮ್ಮೋರೇ ದಿನ ಹೇಳವ್ರೆ, ನಿಮ್ಮೋರೇ ಎಣಿಸವ್ರೆ, ನಿಮ್ಮೋರೇ ಸಹಿ ಮಾಡವ್ರೆ. ಇದ್ರ ಮೇಲೆ ನಾನೇನ್ ಮಾಡ್ಲಿ ಯಜಮಾನ್ರೇ?" ಅಂದರು. ಆ ಕಾಗದವನ್ನು ನಾನೇ ಬ್ಯಾಗಿನಲ್ಲಿ ಜೋಪಾನವಾಗಿ, ಮಡಿಕೆ ಬೀಳದ ಹಾಗೆ ತಂದಿದ್ದೆ.

ಯಾಕೆ ಹಾಗೆ ಬರೆದರು ಅಂತ ನಾನು ಎಷ್ಟೋ ದಿನ ಯೋಚಿಸಿದ್ದೇನೆ. ಒಂದು ಎಣಿಕೆ ತಪ್ಪು ಅಂತ ಒಪ್ಪಿಕೊಂಡರೆ ಬದುಕಿಡೀ ಎಣಿಸಿದ್ದೆಲ್ಲ ಎದ್ದು ಬಂದು ಮುಂದೆ ನಿಲ್ಲುತ್ತದೆ ಅಂತ ಹೆದರಿದರೋ, ಕಂಪನಿಯವರು ಹೆದರಿಸಿದರೋ. ಆಮೇಲೆ ಅವರು ಎಷ್ಟೋ ಸಲ ಫೋನ್ ಮಾಡಿದರು. ಎತ್ತಿದ್ದರೆ ಕಾರಣ ಹೇಳುತ್ತಿದ್ದರೇನೋ. ನನಗೆ ಕಾರಣ ಬೇಕಿರಲಿಲ್ಲ. ನಾನು ಭಯ ಅಂತ ಹೇಳಿಕೊಂಡದ್ದನ್ನೇ ಎತ್ತಿ ಕಾಗದಕ್ಕೆ ಇಳಿಸಿದರಲ್ಲ, ಅದೊಂದನ್ನು ನುಂಗಿಕೊಳ್ಳಲು ನನ್ನ ಕೈಯಲ್ಲಿ ಆಗಲಿಲ್ಲ. ಇವತ್ತಿಗೂ ಆಗಿಲ್ಲ.

ಕಚೇರಿಯ ಮೆಟ್ಟಿಲು ಇಳಿಯುವಾಗ ಅಪ್ಪ ಕೇಳಿದ. "ದಿನ ನೀನಾ ಹೇಳಿದ್ದು?"

"ಹೂಂ ಅಪ್ಪ."

"ಸೋಮವಾರ ಅಂತಾವ?"

"ಹೂಂ."

ನಾಲ್ಕು ಮೆಟ್ಟಿಲು ಇಳಿದು ಮತ್ತೆ ಕೇಳಿದ. "ಅವ್ರು ಬರ್ದಿರೋದ್ರಲ್ಲಿ ಸುಳ್ಳು ಏನಾರಾ ಐತಾ?"

"ಇಲ್ಲ ಅಪ್ಪ."

"ಸುಳ್ಳು ಬರ್ದಿದ್ರೆ ಹೋಗಿ ಕೇಳ್ಬೋದಾಗಿತ್ತು ಕಣಮ್ಮ" ಅಂದ.

ಬಸ್ಸು ನಮ್ಮನ್ನು ಹೊಲದ ಬದಿಯಲ್ಲಿ ಇಳಿಸಿತು. ಅಪ್ಪ ಸ್ವಲ್ಪ ಹೊತ್ತು ಹೊಲದ ಕಡೆಗೆ ಮುಖ ಮಾಡಿ ನಿಂತಿದ್ದ. "ನಾಳೆ ಆ ಬ್ರೋಕರಿಗೆ ಬರಾಕೆ ಹೇಳು" ಅಂದ. ಆಮೇಲೆ ಗೋಡೆಯ ಸಂದಿನ ಕಡೆ ನಡೆದ. ನಾನು ಎಷ್ಟು ದೊಡ್ಡವಳಾದರೂ, ಮದುವೆಯಾಗಿ ಒಂದು ಮಗುವಾದ ಮೇಲೂ, ಆ ರಸ್ತೆ ದಾಟುವಾಗ ಅಪ್ಪ ನನ್ನ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದ. ನಾನು ಕೈ ಮುಂದೆ ಮಾಡಿದೆ. ಅಪ್ಪ ಪಂಚೆ ಎತ್ತಿ ಕಟ್ಟಿಕೊಂಡು, ಹಿಂದೆ ತಿರುಗಿ ನೋಡದೆ, ಒಬ್ಬನೇ ದಾಟಿ ಹೋದ.